ನಡುಗುವ ಕೈ, ಕಸಿ ಮೂತ್ರಪಿಂಡ ಮತ್ತು ಒಂದು ಚಕ್ಕೋತ

ಪ್ರಶ್ನೆ: ನನ್ನ ತಮ್ಮನಿಗೆ 38 ವರ್ಷ. ಏಳು ತಿಂಗಳ ಹಿಂದೆ ನಮ್ಮ ಅಮ್ಮನ ಒಂದು ಮೂತ್ರಪಿಂಡವನ್ನು ಅವನಿಗೆ ಕಸಿ ಮಾಡಿದರು. ದಿನಕ್ಕೆರಡು ಸಲ ಟ್ಯಾಕ್ರೋಲಿಮಸ್ ಕ್ಯಾಪ್ಸೂಲ್ ನುಂಗುತ್ತಾನೆ. ಈಚೆಗೆ ಕೈ ನಡುಗಿ ಲೋಟದ ಕಾಫಿ ತುಳುಕುತ್ತದೆ, ಕೂದಲು ಉದುರುತ್ತಿದೆ, ಮೊದಲಿಲ್ಲದ ಸಕ್ಕರೆ ಕಾಯಿಲೆ ಬಂದಿದೆ. ಈ ಔಷಧವೇ ಮೂತ್ರಪಿಂಡವನ್ನು ಕೆಡಿಸುತ್ತದೆಂದು ಯಾರೋ ಹೇಳಿದ ಮೇಲೆ ಪ್ರಮಾಣವನ್ನು ಅರ್ಧಕ್ಕಿಳಿಸುತ್ತೇನೆ ಎನ್ನುತ್ತಿದ್ದಾನೆ. ಇನ್ನೊಂದು ಮಾತು, ದೇವನಹಳ್ಳಿಯ ನೆಂಟರು ಚಕ್ಕೋತ ಕಳಿಸಿದ್ದಾರೆ. ಕೊಡಬಹುದೇ?
— ಓದುಗರು, ದೊಡ್ಡಬಳ್ಳಾಪುರ

ಉತ್ತರ: ಅರ್ಧಕ್ಕಿಳಿಸಲು ದಯವಿಟ್ಟು ಬಿಡಬೇಡಿ, ಚಕ್ಕೋತವನ್ನೂ ಕೊಡಬೇಡಿ. ನಿಮ್ಮ ತಮ್ಮ ಕೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಹೆತ್ತ ತಾಯಿಯದೇ ಆದರೂ ಕಸಿ ಮಾಡಿದ ಅಂಗವನ್ನು ದೇಹ ಹೊರಗಿನದೆಂದೇ ಎಣಿಸುತ್ತದೆ. ಅದರ ಮೇಲೆ ದಾಳಿಗೆ ಮುಂದಾಗುವುದು ರಕ್ತದಲ್ಲಿರುವ ಟಿ ಜೀವಕೋಶಗಳೆಂಬ ರಕ್ಷಣಾ ಕೋಶಗಳು. ಅವು ಸಂಖ್ಯೆಯಲ್ಲಿ ಬೆಳೆಯಲು ಇಂಟರ್‌ಲ್ಯೂಕಿನ್-2 ಎಂಬ ಸಂಕೇತ ಬೇಕು, ಆ ಸಂಕೇತ ಹುಟ್ಟಲು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಬೇಕು. ಟ್ಯಾಕ್ರೋಲಿಮಸ್ ಈ ಕಿಣ್ವವನ್ನು ತಡೆಯುತ್ತದೆ. ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ 1984ರಲ್ಲಿ ದೊರೆತ ಈ ವಸ್ತುವಿಗೆ ಅಮೆರಿಕದಲ್ಲಿ 1994ರಲ್ಲಿ ಮೊದಲು ಯಕೃತ್ತಿನ ಕಸಿಗೆ ಒಪ್ಪಿಗೆ ಸಿಕ್ಕಿತು. ಇಂದು ಮೂತ್ರಪಿಂಡದ ಕಸಿಯಲ್ಲೂ ಇದೇ ಮುಖ್ಯ ಔಷಧ.

ತೊಡಕೇನೆಂದರೆ, ಇದರ ಸಾಲುವ ಪ್ರಮಾಣಕ್ಕೂ ಹೆಚ್ಚಾಗುವ ಪ್ರಮಾಣಕ್ಕೂ ನಡುವಿನ ಅಂತರ ತೀರ ಕಡಿಮೆ. ಹೆಚ್ಚಾದರೆ ಅದು ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ಬಿಗಿಸುತ್ತದೆ, ವರ್ಷಗಟ್ಟಲೆ ಹಾಗೇ ಮುಂದುವರಿದರೆ ಅಂಗಾಂಶದಲ್ಲಿ ಗಾಯದ ಕಲೆ ಉಳಿಯುತ್ತದೆ. ಕಡಿಮೆಯಾದರೆ ದೇಹ ಅಂಗವನ್ನು ತಿರಸ್ಕರಿಸತೊಡಗುತ್ತದೆ. ಎರಡರಲ್ಲೂ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ರಕ್ತದ ತ್ಯಾಜ್ಯ) ಏರುವುದರಿಂದ ಯಾವುದು ಕಾರಣವೆಂದು ತಿಳಿಯಲು ಕೆಲವೊಮ್ಮೆ ಬಯಾಪ್ಸಿಯನ್ನೇ, ಅಂದರೆ ಅಂಗದ ಸಣ್ಣ ತುಣುಕು ತೆಗೆದು ಪರೀಕ್ಷೆಯನ್ನೇ, ಮಾಡಬೇಕಾಗುತ್ತದೆ. ತಿರಸ್ಕಾರ ಶುರುವಾದಾಗ ಬಹುತೇಕ ನೋವೇ ಇರುವುದಿಲ್ಲವಾದ್ದರಿಂದ, ಅರ್ಧ ಪ್ರಮಾಣ ನುಂಗಿಯೂ ಆರಾಮಾಗಿದ್ದೇನೆ ಎಂದು ಅವರಿಗೆ ಅನಿಸಬಹುದು. ಆ ಅನಿಸಿಕೆಯನ್ನು ನಂಬುವಂತಿಲ್ಲ.

ನಂಬಬೇಕಾದದ್ದು ರಕ್ತದಲ್ಲಿರುವ ಔಷಧದ ಮಟ್ಟವನ್ನು. ಮುಂದಿನ ಡೋಸ್‌ಗೆ ತುಸು ಮೊದಲು, ಅಂದರೆ ಹಿಂದಿನ ಡೋಸ್ ಆಗಿ ಸುಮಾರು 12 ಗಂಟೆಗೆ, ಇದನ್ನು ಅಳೆಯುತ್ತಾರೆ. ಇಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ತಪ್ಪಿದೆ: ರೋಗಿ ಎಂದಿನಂತೆ ಎಂಟಕ್ಕೆ ಕ್ಯಾಪ್ಸೂಲ್ ನುಂಗಿ, ತಿಂಡಿ ಮುಗಿಸಿ, ಹತ್ತಕ್ಕೆ ಲ್ಯಾಬಿಗೆ ಬಂದು ರಕ್ತ ಕೊಡುತ್ತಾರೆ. ವರದಿಯಲ್ಲಿ ಅಂಕಿ ಮೇಲೇರಿರುತ್ತದೆ, ಅದನ್ನು ನಂಬಿದ ವೈದ್ಯರು ಔಷಧ ತಗ್ಗಿಸುತ್ತಾರೆ. ಪರೀಕ್ಷೆಯ ದಿನ ಕ್ಯಾಪ್ಸೂಲನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಲು ಹೇಳಿ.

ಕೈ ನಡುಕ ಹಲವರಲ್ಲಿ ಈ ಮಟ್ಟ ಏರಿರುವುದರ ಗುರುತು. ವೈದ್ಯರು ಪ್ರಮಾಣ ಸರಿಪಡಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಔಷಧ ಇನ್ಸುಲಿನ್ ಸ್ರವಿಕೆಯನ್ನು ಕುಗ್ಗಿಸುವುದರಿಂದ ಸಕ್ಕರೆ ಏರುತ್ತದೆ, ಜೊತೆಗೆ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಇದ್ದರೆ ಇನ್ನಷ್ಟು. ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಕೂದಲು ಉದುರುವುದು ಮನಸ್ಸಿಗೆ ಬೇಸರ ತಂದೀತು, ಅಪಾಯವಲ್ಲ. ರಕ್ತದೊತ್ತಡ ಮತ್ತು ಪೊಟ್ಯಾಸಿಯಂ ಏರುವುದೂ ಉಂಟು. ಆದ್ದರಿಂದ ಎಳನೀರನ್ನು ವೈದ್ಯರನ್ನು ಕೇಳದೆ ಕುಡಿಯಬಾರದು. ದೀರ್ಘಕಾಲದಲ್ಲಿ ಸೋಂಕು ಮತ್ತು ಕೆಲವು ಬಗೆಯ ಕ್ಯಾನ್ಸರ್‌ಗಳ, ಮುಖ್ಯವಾಗಿ ಚರ್ಮದ ಕ್ಯಾನ್ಸರಿನ, ಸಾಧ್ಯತೆ ಹೆಚ್ಚುತ್ತದೆ.

ಈಗ ಚಕ್ಕೋತ. ಟ್ಯಾಕ್ರೋಲಿಮಸನ್ನು ಕರುಳು ಮತ್ತು ಯಕೃತ್ತಿನ ಒಂದು ಕಿಣ್ವ ಒಡೆಯುತ್ತದೆ. ಚಕ್ಕೋತದಲ್ಲಿರುವ ಕೆಲವು ವಸ್ತುಗಳು ಕರುಳಿನಲ್ಲಿ ಆ ಕಿಣ್ವವನ್ನು ಕಟ್ಟಿಹಾಕುವುದರಿಂದ ಅದೇ ಕ್ಯಾಪ್ಸೂಲಿನಿಂದ ರಕ್ತಕ್ಕೆ ಸೇರುವ ಔಷಧ ಹೆಚ್ಚುತ್ತದೆ. ಹಣ್ಣು ಎಷ್ಟೇ ರುಚಿಯಾಗಿರಲಿ, ಮನೆಯ ಉಳಿದವರು ತಿನ್ನಲಿ. ಶಿಲೀಂಧ್ರ ಸೋಂಕಿನ ಫ್ಲುಕೊನಜೋಲ್, ಬ್ಯಾಕ್ಟೀರಿಯಾ ಸೋಂಕಿನ ಕ್ಲಾರಿಥ್ರೋಮೈಸಿನ್, ರಕ್ತದೊತ್ತಡದ ಡಿಲ್ಟಿಯಾಜೆಮ್ ಕೂಡ ಹೀಗೆಯೇ ಮಟ್ಟವನ್ನು ಏರಿಸುತ್ತವೆ. ಕ್ಷಯದ ರಿಫಾಂಪಿಸಿನ್, ಅಪಸ್ಮಾರದ ಫೆನಿಟೋಯಿನ್ ಇಳಿಸುತ್ತವೆ. ಮೆಡಿಕಲ್ ಶಾಪಿನಿಂದ ತಾವೇ ತರುವ ನೋವಿನ ಮಾತ್ರೆಗಳು ನೇರವಾಗಿ ಮೂತ್ರಪಿಂಡಕ್ಕೇ ಪೆಟ್ಟು ಕೊಡುತ್ತವೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಪ್ರೀತಿಯಿಂದ ಕಾಸಿಕೊಡುವ ಅಮೃತಬಳ್ಳಿ ಕಷಾಯವೂ ಬೇಡ. ನಾವು ಔಷಧ ಕೊಟ್ಟು ತಗ್ಗಿಸುತ್ತಿರುವುದೇ ಆ ಶಕ್ತಿಯನ್ನು!

ಜ್ವರ ಬಂದರೆ ಅಥವಾ ಭೇದಿ ಹಿಡಿದರೆ ಅದೇ ದಿನ ಕಸಿ ವೈದ್ಯರಿಗೆ ತಿಳಿಸಿ. ಭೇದಿಯಲ್ಲಿ ಔಷಧದ ಮಟ್ಟ ಇಳಿಯುವ ಬದಲು ಏರುವುದುಂಟು. ವೈದ್ಯರನ್ನು ಕೇಳದೆ ಬ್ರ್ಯಾಂಡ್ ಬದಲಿಸಬೇಡಿ.

ಪ್ರಶ್ನೆ: ಮಗಳ ಮುಖದ ಬಿಳಿ ತೊನ್ನಿಗೆ ಬರೆದುಕೊಟ್ಟ ಟ್ಯಾಕ್ರೋಲಿಮಸ್ ಮುಲಾಮು ಕಿಡ್ನಿ ಕಸಿಯ ಔಷಧವೆಂದು ಕೇಳಿ ಹೆದರಿದ್ದೇವೆ.
— ಓದುಗರು, ತುಮಕೂರು

ಉತ್ತರ: ಔಷಧ ಅದೇ, ದಾರಿ ಬೇರೆ. ಮುಲಾಮಿನಲ್ಲಿ ಅದರ ಅಂಶ 0.03 ಅಥವಾ 0.1 ಶೇಕಡಾ ಮಾತ್ರ, ಚರ್ಮದ ಮೂಲಕ ರಕ್ತಕ್ಕೆ ಸೇರುವುದು ಅತ್ಯಲ್ಪ. ಸ್ಟಿರಾಯ್ಡ್ ಮುಲಾಮಿನಂತೆ ಚರ್ಮವನ್ನು ತೆಳುವಾಗಿಸುವುದಿಲ್ಲವಾದ್ದರಿಂದಲೇ ಮುಖಕ್ಕೆ ಇದನ್ನು ಆರಿಸುತ್ತಾರೆ. ಮೊದಲ ಕೆಲವು ದಿನ ಉರಿಯಬಹುದು, ಅದಕ್ಕೆ ಹೆದರಿ ನಿಲ್ಲಿಸಬೇಡಿ.