ಕ್ಯಾಂಪರ್ ವ್ಯಾನಿಗೆ ಕರೆಂಟು, ನೀರು, ಕೊಳಚೆ ಪೈಪು: ಓದುಗರು ಕೇಳಿದ್ದು

ಒಳಗೇ ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ ಇರುವ ವ್ಯಾನನ್ನು ರಾತ್ರಿ ಒಂದು ಕಡೆ ನಿಲ್ಲಿಸಿದರೆ ಹೊರಗಿನಿಂದ ಮೂರು ಜೋಡಣೆ ಬೇಕು: ಕರೆಂಟು, ನೀರು, ಕೊಳಚೆ ಪೈಪು. ಬಂದ ಪತ್ರಗಳಲ್ಲಿ ಹೆಚ್ಚಿನವು ಕರೆಂಟಿನವು. ಅಲ್ಲಿಂದಲೇ ಶುರು ಮಾಡೋಣ.

ತೋಟದ ಮನಿ ಬೋರ್ಡಿನಿಂದ ವೈರ್ ಎಳೆದು ವ್ಯಾನಿಗೆ ಕರೆಂಟ್ ಕೊಟ್ಟೀವಿ. ಲೈಟು, ಫ್ಯಾನು, ಎಸಿ ಎಲ್ಲಾ ನಡೀತಾವ. ಆದರ ಬರಿಗಾಲಿಲೆ ನಿಂತು ಬಾಗಿಲು ಮುಟ್ಟಿದ್ರ ಕೈ ಝುಮ್ ಅಂತದ. ಎಲ್ಲಿ ಲೀಕ್ ಆಗ್ಲಿಕತ್ತದ? (ಸೇಡಂ)

ಲೀಕ್ ಹುಡುಕುವುದು ಆಮೇಲೆ, ಮೊದಲು ಪ್ಲಗ್ ಕಿತ್ತಿಡಿ. ಅರ್ಥಿಂಗ್ ಸರಿಯಾಗುವ ತನಕ ಮತ್ತೆ ಹಾಕಬೇಡಿ.

ವ್ಯಾನು ಎಂದರೆ ರಬ್ಬರ್ ಟೈರುಗಳ ಮೇಲೆ ಕೂತ ತಗಡಿನ ಡಬ್ಬಿ. ಅದರ ಬಾಡಿಗೂ ನೆಲಕ್ಕೂ ಇರುವ ನಂಟು ಪ್ಲಗ್ಗಿನ ದಪ್ಪ ಮೂರನೇ ಪಿನ್ ಒಂದೇ. ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ, ಅಥವಾ ಬೋರ್ಡಿನಲ್ಲಿ ಆ ಪಿನ್ನಿಗೆ ವೈರನ್ನೇ ಕೊಟ್ಟಿರದಿದ್ದರೆ, ಚಾರ್ಜರ್ ಮತ್ತು ಇನ್ವರ್ಟರ್ ಎಸಿಯ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಬಾಡಿಗೆ ನೂರರ ಆಸುಪಾಸಿನ ವೋಲ್ಟೇಜ್ ಬಂದು ಕೂರುತ್ತದೆ. ಹರಿಯುವ ಕರೆಂಟು ಬಹಳ ಸಣ್ಣದಾದ್ದರಿಂದ ಸದ್ಯಕ್ಕೆ ಝುಮ್ ಅನ್ನುತ್ತಿದೆ. ನಾಳೆ ಗೀಸರಿನ ಕಾಯಿಲ್ ಬಿರಿದರೆ ಅದೇ ಬಾಗಿಲಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಕಾಲು ಒದ್ದೆ ನೆಲದ ಮೇಲಿಟ್ಟು, ಕೈಯಲ್ಲಿ ಹಿಡಿಕೆ ಹಿಡಿದು ಹತ್ತುವವರಿಗೆ ಹೊಡೆಯುತ್ತದೆ.

ವ್ಯಾನು ಜೋಡಿಸುವ ಮುಂಚೆ ಸಾಕೆಟ್ಟಿನಲ್ಲೇ ಮಲ್ಟಿಮೀಟರ್ ಹಿಡಿದು ಮೂರು ಅಳತೆ ತೆಗೆಯಿರಿ. ಫೇಸ್–ನ್ಯೂಟ್ರಲ್ 230ರ ಹತ್ತಿರ ಇರಬೇಕು, ಫೇಸ್–ಅರ್ಥ್ ಹೆಚ್ಚುಕಡಿಮೆ ಅಷ್ಟೇ ಇರಬೇಕು, ನ್ಯೂಟ್ರಲ್–ಅರ್ಥ್ 2–3 ವೋಲ್ಟಿನೊಳಗೆ ಇರಬೇಕು. ಫೇಸ್–ಅರ್ಥ್ 60, 90 ಎಂದು ಓಲಾಡುತ್ತಿದ್ದರೆ ಅರ್ಥ್ ಇಲ್ಲವೆಂದೇ ಅರ್ಥ. ಇನ್ನೊಂದು ಮೋಸವಿದೆ: ಸಾಕೆಟ್ಟಿನ ಹಿಂದೆ ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ ಗೇಣುದ್ದದ ತುಂಡು ವೈರ್ ಸಿಕ್ಕಿಸಿರುತ್ತಾರೆ. ಆಗ ಮೀಟರಿನಲ್ಲಿ ಎಲ್ಲವೂ ಚೊಕ್ಕ ಕಾಣುತ್ತದೆ, ಎಸಿ ನಡೆಯುವಾಗಲೂ ನ್ಯೂಟ್ರಲ್–ಅರ್ಥ್ ಸರಿಯಾಗಿ ಸೊನ್ನೆ. ಆದರೆ ನ್ಯೂಟ್ರಲ್ ಎಲ್ಲಾದರೂ ಕಡಿದ ಕ್ಷಣ ವ್ಯಾನಿನ ಬಾಡಿಯೇ ಫೇಸ್ ಆಗುತ್ತದೆ. ಅದಕ್ಕೇ ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿಸಿ, ಕಣ್ಣಾರೆ ನೋಡಿ.

ಇನ್ನು ಅರ್ಥ್ ಗುಂಡಿ, ಅಂದರೆ ಅರ್ಥ್ ವೈರಿಗೆ ಜೋಡಿಸಿದ ಪೈಪನ್ನು ನೆಲದಲ್ಲಿ ಹೂತ ಜಾಗ. ನಿಮ್ಮ ಕಡೆಯ ಎರೆಮಣ್ಣು ಏಪ್ರಿಲ್ ಹೊತ್ತಿಗೆ ಬಿರುಕು ಬಿಟ್ಟು ಪೈಪಿನ ಸುತ್ತ ಸಂದಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಅದು 20 ಓಮ್ ಆಯಿತು ಅನ್ನಿ. ಫೇಸ್ ಬಾಡಿಗೆ ತಾಗಿದರೂ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ (ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್ಚಿಗೆ) ಅದು ಮಾಮೂಲಿ ಲೋಡು, ಅದು ಬೀಳುವುದೇ ಇಲ್ಲ. ಅದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸ್ವಲ್ಪ ಸೋರಿದರೂ ಲೈನ್ ಕಡಿಯುವ ಸ್ವಿಚ್, ಬೇಕೇ ಬೇಕು. ಅರ್ಥ್ 100 ಓಮ್ ಇದ್ದರೂ ಬಾಡಿಗೆ 3 ವೋಲ್ಟ್ ಬರುವಷ್ಟರಲ್ಲಿ ಅದು ಕಡಿಯುತ್ತದೆ. ಎಂಸಿಬಿ ಇರುವುದು ವೈರ್ ಕಾಯಲಿಕ್ಕೆ, ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. ಆದರೆ ಅರ್ಥ್ ಇಲ್ಲದೆ ಆರ್‌ಸಿಸಿಬಿ ಒಂದೇ ಇದ್ದರೆ ಕರೆಂಟು ಯಾರದಾದರೂ ಮೈಮೇಲೆ ಹಾದ ಮೇಲಷ್ಟೇ ಅದು ಬೀಳುತ್ತದೆ, ಆದ್ದರಿಂದ ಎರಡೂ ಇರಲಿ. ಬೇಸಿಗೆಯಲ್ಲಿ ಗುಂಡಿಗೆ ಎರಡು ದಿನಕ್ಕೊಮ್ಮೆ ಒಂದು ಬಕೆಟ್ ನೀರು ಹಾಕಿ, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ.

ಹೊಲ ಹೆದ್ದಾರಿ ಪಕ್ಕದಾಗ ಅದ. ಎರಡು ವ್ಯಾನ್ ನಿಲ್ಲೋ ಹಂಗ ಜಾಗ ಮಾಡಿ ಬಾಡಿಗಿಗೆ ಕೊಡಬೇಕಂತ ಅದ. ಪಂಪ್‌ಸೆಟ್ ಲೈನಿನಿಂದ ಕರೆಂಟ್ ಕೊಡಬಹುದಾ? ವೈರ್ ಎಷ್ಟು ದಪ್ಪದ್ದು? (ಹುಮನಾಬಾದ್)

ಪಂಪ್‌ಸೆಟ್ ಲೈನ್ ಬೇಡ. ಅದು ನೀರಾವರಿಗೆಂದೇ ಕೊಟ್ಟ ಕರೆಂಟು, ಬಾಡಿಗೆ ವ್ಯವಹಾರಕ್ಕೆ ಬಳಸಿದರೆ ಕಾನೂನಿನ ತಂಟೆ. ಮೇಲಾಗಿ ತ್ರೀಫೇಸ್ ಇರದ ಹೊತ್ತಿನಲ್ಲಿ ಆ ಲೈನಿನ ವೋಲ್ಟೇಜ್ ಹತ್ತಿಳಿಯುವುದು ನಿಮಗೇ ಗೊತ್ತು. ವ್ಯಾನಿನ ಚಾರ್ಜರ್, ಎಸಿ ಕಂಪ್ರೆಸರ್ ಅದನ್ನು ತಾಳುವುದಿಲ್ಲ. ಜೆಸ್ಕಾಂನಿಂದ ಪ್ರತ್ಯೇಕ ಕನೆಕ್ಷನ್ ತೆಗೆದುಕೊಳ್ಳಿ.

ಪ್ರತಿ ವ್ಯಾನಿಗೆ ಒಂದು ಕಂಬ, ಅದರಲ್ಲಿ 16 ಆಂಪಿಯರಿನ ನೀಲಿ ಇಂಡಸ್ಟ್ರಿಯಲ್ ಸಾಕೆಟ್, ಮುಚ್ಚಳ ಇರುವಂಥದು. ಒಂದೊಂದಕ್ಕೂ ಅದರದೇ ಎಂಸಿಬಿ, ಅದರದೇ ಆರ್‌ಸಿಸಿಬಿ ಇರಲಿ. ಎರಡಕ್ಕೂ ಸೇರಿಸಿ ಒಂದೇ ಹಾಕಿದರೆ ಒಬ್ಬರ ಗೀಸರ್ ಕೆಟ್ಟದ್ದಕ್ಕೆ ಇನ್ನೊಬ್ಬರ ಫ್ರಿಜ್ ರಾತ್ರಿಯೆಲ್ಲಾ ಬಂದ್. ಮೀಟರಿನಿಂದ ಕಂಬಕ್ಕೆ 60 ಮೀಟರ್ ಇದ್ದು ಎರಡೂ ವ್ಯಾನು ಸೇರಿ 26 ಆಂಪಿಯರ್ ಎಳೆದರೆ, 4 ಸ್ಕ್ವೇರ್ ಎಂಎಂ ತಾಮ್ರದ ಕೇಬಲಿನಲ್ಲಿ ಸುಮಾರು 14 ವೋಲ್ಟ್ ದಾರಿಯಲ್ಲೇ ಹೋಗುತ್ತದೆ; 6ರದ್ದಾದರೆ 10 ವೋಲ್ಟಿನೊಳಗೆ. 6ರ ತಾಮ್ರ ಅಥವಾ 10ರ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ ಹಾಕಿ. ಎರಡೂವರೆ ಅಡಿ ಆಳ ತೋಡಿ, ಮರಳು ಹಾಸಿ, ಮೇಲೊಂದು ಸಾಲು ಇಟ್ಟಿಗೆ ಇಡಿ. ನೇಗಿಲು, ಗುದ್ದಲಿ ಬಿದ್ದಾಗ ಮೊದಲು ಇಟ್ಟಿಗೆ ಸಿಗಲಿ.

ಬಂದವರಿಗೆ ಲೆಕ್ಕ ಹೇಳಿಬಿಡಿ: 16 ಆಂಪಿಯರ್ ಅಂದರೆ ಸುಮಾರು 3,600 ವ್ಯಾಟ್. ಒಂದು ಟನ್ನಿನ ಎಸಿಗೆ 1,100–1,200, ಗೀಸರಿಗೆ 2,000, ಇಂಡಕ್ಷನ್ ಒಲೆಗೆ 1,800. ಮೂರೂ ಒಟ್ಟಿಗೆ ನಡೆಯುವುದಿಲ್ಲ. ವ್ಯಾನಿನವರ ಎಕ್ಸ್‌ಟೆನ್ಷನ್ ವೈರ್ 2.5 ಸ್ಕ್ವೇರ್ ಎಂಎಂಗಿಂತ ಸಣ್ಣದಿರಬಾರದು, ರೀಲಿನಲ್ಲಿ ಸುತ್ತಿದ್ದರೆ ಪೂರ್ತಿ ಬಿಚ್ಚಿಸಿ. ಸುತ್ತಿದ ವೈರಿನ ಶಾಖ ಹೊರಗೆ ಹೋಗದೆ ಒಳಸುತ್ತುಗಳು ಕರಗಿ ಒಂದಕ್ಕೊಂದು ಅಂಟುತ್ತವೆ, ಅದೂ ನಮ್ಮ 42 ಡಿಗ್ರಿಯ ಮಧ್ಯಾಹ್ನದಲ್ಲಿ.

ಕೇಳದಿದ್ದರೂ ಒಂದು ಮಾತು: ಎರೆಹೊಲವಾದರೆ ಮೊದಲ ಮಳೆಗೇ ವ್ಯಾನು ಹೂಳುತ್ತದೆ. ಮುರುಮು ಹಾಕಿ ರೋಲರ್ ಹೊಡೆಸಿದ ಮೇಲೆ ಶಹಾಬಾದ್ ಪರಸಿ ಹಾಸಿ. ಕೆಳಗೆ ಟೊಳ್ಳು ಬಿಟ್ಟರೆ ಗಾಲಿ ಹತ್ತಿದ ದಿನವೇ ಪರಸಿ ಎರಡು ಹೋಳು.

ಮಾಳಿಗಿ ಮ್ಯಾಲಿನ ಸಿಂಟೆಕ್ಸ್‌ನಿಂದ ವ್ಯಾನಿಗೆ ಪೈಪ್ ಕೊಟ್ರ ಶವರಿನಾಗ ನೀರು ಸಣ್ಣಗ ಬರ್ತದ. ಬೋರ್ ಮೋಟರ್ ಚಾಲೂ ಮಾಡಿ ನೇರ ಕೊಟ್ರ ನಡೀತದೇನು? (ಶಹಾಪುರ)

ನಡೆಯುವುದಿಲ್ಲ, ಒಡೆಯುತ್ತದೆ. ಟಾಕಿ ಐದು ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಅರ್ಧ ಬಾರ್ ಅಷ್ಟೇ. ವ್ಯಾನಿನ ನಳಗಳಿಗೆ ಬೇಕಾದದ್ದು 2ರಿಂದ 3 ಬಾರ್. ಬೋರಿನ ಸಬ್‌ಮರ್ಸಿಬಲ್ ಮುಚ್ಚಿದ ನಳಕ್ಕೆ ಅದರ ಎರಡು ಪಟ್ಟಿಗೂ ಮೀರಿ ಒತ್ತಬಹುದು, ಆಗ ಗೋಡೆಯ ಹಿಂದಿನ ಜಾಯಿಂಟ್ ಬಿಚ್ಚಿಕೊಂಡು ಹಾಸಿಗೆಯೆಲ್ಲಾ ನೀರು. ಸಿಂಟೆಕ್ಸಿನ ನೀರನ್ನು ವ್ಯಾನಿನ ಸ್ವಂತ ಟ್ಯಾಂಕಿಗೆ ತುಂಬಿಸಿ, ಅಲ್ಲಿಂದ ವ್ಯಾನಿನ 12 ವೋಲ್ಟ್ ಪಂಪ್ ತಳ್ಳಲಿ. ಪ್ರೆಶರ್ ಪಂಪಿನ ಲೈನ್ ಇದ್ದರೆ ಮಾತ್ರ ನೇರ ಜೋಡಣೆ, ಅದೂ ನಳದ ಬಾಯಿಗೆ ಪ್ರೆಶರ್ ರೆಗ್ಯುಲೇಟರ್ ಹಾಕಿದ ಮೇಲೆ. ವ್ಯಾನಿನ ಬಾಯಿಗೆ ಹಾಕಿದರೆ ನಡುವಿನ ಪೈಪು ಉಬ್ಬುತ್ತದೆ.

ಗಿಡಕ್ಕೆ ಬಿಡುವ ಹಸಿರು ಪೈಪ್ ಬೇಡ, ಬಿಸಿಲಿಗೆ ಕಾದು ನೀರಿಗೆ ಪ್ಲಾಸ್ಟಿಕ್ ವಾಸನೆ ಬರುತ್ತದೆ. ಫುಡ್‌ಗ್ರೇಡ್ ಪೈಪ್ ಕೇಳಿ ತನ್ನಿ. ಹೊಸ ಟ್ಯಾಂಕನ್ನೂ, ತಿಂಗಳುಗಟ್ಟಲೆ ನಿಂತ ಟ್ಯಾಂಕನ್ನೂ ತೊಳೆಯಲು 100 ಲೀಟರ್ ನೀರಿಗೆ 5 ಪ್ರತಿಶತದ, ವಾಸನೆ ಬೆರೆಸದ ಹೈಪೋಕ್ಲೋರೈಟ್ ದ್ರಾವಣ 100 ಎಂಎಲ್ ಹಾಕಿ, ಪ್ರತಿ ನಳದಲ್ಲೂ ಕ್ಲೋರಿನ್ ವಾಸನೆ ಬರುವ ತನಕ ಬಿಟ್ಟು, ನಾಲ್ಕು ತಾಸು ಇಟ್ಟು ಚೆಲ್ಲಿ, ಎರಡು ಸಲ ತೊಳೆಯಿರಿ. ಬೋರಿನ ನೀರು ಗಡಸಿದ್ದರೆ ಗೀಸರಿನ ಕಾಯಿಲಿಗೆ ಸುಣ್ಣ ಕಟ್ಟುತ್ತದೆ. ಕುಡಿಯಲು ಕ್ಯಾನ್ ಬೇರೆ ಇಟ್ಟುಕೊಳ್ಳಿ.

ಶೌಚದ ಟ್ಯಾಂಕಿನ ವಾಲ್ವ್ ಸದಾ ತೆರೆದಿಟ್ಟು ಪೈಪನ್ನು ನೇರ ಚೇಂಬರಿಗೆ ಬಿಟ್ಟಿದ್ದೆವು. ಈಗ ಟ್ಯಾಂಕೇ ಕಟ್ಟಿಕೊಂಡಿದೆ. (ಬೀದರ್)

ತೆರೆದಿಟ್ಟದ್ದೇ ಕಾರಣ. ನೀರು ಹರಿದುಹೋಗಿ ಗಟ್ಟಿ ಮಲ ಮಾತ್ರ ತಳದಲ್ಲಿ ಗುಪ್ಪೆಯಾಗಿ ಒಣಗಿದೆ. ವಾಲ್ವ್ ಮುಚ್ಚಿ, ಟ್ಯಾಂಕಿನ ಮುಕ್ಕಾಲು ಭಾಗ ನೀರು ತುಂಬಿ, ಒಂದು ಚಮಚ ಪಾತ್ರೆ ಸೋಪು ಹಾಕಿ ರಾತ್ರಿಯಿಡೀ ನೆನೆಸಿ. ಮರುದಿನ ವ್ಯಾನನ್ನು ಎರಡು ಕಿಲೋಮೀಟರ್ ಓಡಿಸಿ ತಂದು, ವಾಲ್ವ್ ತೆರೆದು ಖಾಲಿ ಮಾಡಿ. ಕೋಲು ತುರುಕಬೇಡಿ, ವಾಲ್ವಿನ ರಬ್ಬರ್ ಹರಿಯುತ್ತದೆ. ಮುಂದೆ ಮೂರರಲ್ಲಿ ಎರಡು ಪಾಲು ತುಂಬಿದ ಮೇಲಷ್ಟೇ ಖಾಲಿ ಮಾಡಿ. ಮೊದಲು ಶೌಚದ್ದು, ಅದು ನಿಂತ ಮೇಲೆ ಬಚ್ಚಲ ನೀರು: ಅದೇ ಪೈಪನ್ನು ತೊಳೆಯುತ್ತದೆ. ಪೈಪು ಮೂರು ಇಂಚಿನದಿರಲಿ, ನಡುವೆ ಎಲ್ಲೂ ಜೋತು ಬೀಳದೆ ಇಳಿಜಾರಾಗಿರಲಿ. ಫಾರ್ಮಾಲ್ಡಿಹೈಡ್ ಇರುವ ಟ್ಯಾಂಕ್ ದ್ರಾವಣ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ, ಅದು ಬೇಡ.

ಬೀದರಿನವರು ಇನ್ನೊಂದು ನೋಡಬೇಕು. ನಿಮ್ಮ ಜಂಬಿಟ್ಟಿಗೆ ನೆಲ ಜರಡಿಯ ಹಾಗೆ. ಇಂಗುಗುಂಡಿಯ ನೀರು ಬಾವಿಗೆ ಬೇಗ ತಲುಪುತ್ತದೆ. ನೆಲದೊಳಗೆ ಸುರಂಗ ತೋಡಿ ನೀರು ಹರಿಸಿದ ನೌಬಾದಿನ ಹಳೆಯ ಸುರಂಗ ಬಾವಿ ಇರುವುದೂ ಇದೇ ನೆಲದಲ್ಲಿ. ಬಾವಿ ಹತ್ತಿರವಿದ್ದರೆ ಇಂಗುಗುಂಡಿ ಬಿಟ್ಟು, ಸೋರದ ಟ್ಯಾಂಕ್ ಕಟ್ಟಿಸಿ ಸಕ್ಕಿಂಗ್ ಗಾಡಿ ಕರೆಸಿ.

ಮಗಳು ಅಮೆರಿಕದಲ್ಲಿ ಆರ್‌ವಿ (ಇಂಥದ್ದೇ ವಾಸದ ಗಾಡಿ) ಬಾಡಿಗೆ ಹಿಡಿದಿದ್ದಾಳೆ. ಅಲ್ಲಿ 30 ಆಂಪ್, 50 ಆಂಪ್ ಅಂತಾರೆ. ವ್ಯತ್ಯಾಸ 20 ಆಂಪಿನದ್ದೇ? (ಕಲಬುರಗಿ)

ಅಲ್ಲ. 30ರದ್ದು 120 ವೋಲ್ಟಿನ ಒಂದೇ ಲೈನ್, 3,600 ವ್ಯಾಟ್. 50ರದ್ದು 120 ವೋಲ್ಟಿನ ಎರಡು ಲೈನ್, ಒಟ್ಟು 12,000 ವ್ಯಾಟ್. 50ರ ಗಾಡಿಯನ್ನು ಅಡಾಪ್ಟರ್ ಹಾಕಿ 30ಕ್ಕೆ ಜೋಡಿಸಬಹುದು, ಆಗ ಒಂದೇ ಎಸಿ ನಡೆಸಬೇಕು. ಕಂಬದ ಬ್ರೇಕರ್ ಆಫ್ ಮಾಡಿಯೇ ಪ್ಲಗ್ ಹಾಕಲಿ. ಊರಿಂದ ಒಯ್ದ 230 ವೋಲ್ಟಿನ ರೈಸ್ ಕುಕ್ಕರ್ ಅಲ್ಲಿ ಕಾಲುಭಾಗದಷ್ಟೇ ಕಾಯುತ್ತದೆ, ಅನ್ನ ಆಗುವುದಿಲ್ಲ. ಫೋನ್ ಚಾರ್ಜರಿನ ಮೇಲೆ 100–240 ಎಂದಿದ್ದರೆ ಪಿನ್ ಬದಲಿಸಿದರೆ ಸಾಕು.

ಮೇ ತಿಂಗಳೆಲ್ಲಾ ನಿಲ್ಲಿಸಿದ್ದ ವ್ಯಾನಿನಾಗ ಗಟಾರದ ವಾಸನಿ. ಟ್ಯಾಂಕ್ ಖಾಲಿ ಅದ. (ಯಾದಗಿರಿ)

ಬೇಸಿನ್, ಬಚ್ಚಲಿನ ಕೆಳಗಿನ ಬಾಗುಪೈಪಿನ ನೀರು ಆರಿಹೋಗಿದೆ. ಎರಡಕ್ಕೂ ಒಂದೊಂದು ಚೊಂಬು ನೀರು ಸುರಿಯಿರಿ.