ಚದುರಂಗದ ಅಕ್ಕಿಕಾಳಿನ ಸಂಖ್ಯೆ ಅವಿಭಾಜ್ಯವೇ?

ನಮಸ್ಕಾರ. ಚದುರಂಗದ 64 ಮನೆಗಳಲ್ಲಿ ಮೊದಲ ಮನೆಗೆ ಒಂದು ಅಕ್ಕಿಕಾಳು ಇಟ್ಟು, ಮನೆಯಿಂದ ಮನೆಗೆ ದುಪ್ಪಟ್ಟು ಮಾಡುತ್ತಾ ಹೋದರೆ ಒಟ್ಟು 1,84,46,74,40,73,70,95,51,615 ಕಾಳು. ಇದು ಅವಿಭಾಜ್ಯವೇ, ಬದಿಯಡ್ಕದಲ್ಲಿ ಓದುವ ಮಗಳಿಗೆ ಹೇಗೆ ಹೇಳಿಕೊಡಲಿ ಅಂತ ಕೇಳಿದ್ದೀರಿ.

ಅವಿಭಾಜ್ಯ ಅಲ್ಲ. ಕೊನೆಗೆ 5 ಇದೆ, ಅಲ್ಲಿಗೇ ಮುಗಿಯಿತು. ಅಂಕೆಗಳನ್ನು ಕೂಡಿಸಿದರೆ 87, ಹಾಗಾಗಿ 3ರಿಂದಲೂ ಭಾಗವಾಗುತ್ತದೆ. 9ರಿಂದ ಆಗುವುದಿಲ್ಲ.

ಮಜಾ ಇರುವುದು ಮುಂದೆ. ಇದು 2ರ 64ನೇ ಘಾತಕ್ಕಿಂತ ಒಂದು ಕಡಿಮೆ. ಶಾಲೆಯಲ್ಲಿ ಕಲಿತ ವರ್ಗಗಳ ವ್ಯತ್ಯಾಸದ ಸೂತ್ರವನ್ನೇ, ಅಂದರೆ a² − b² = (a − b)(a + b), ಮತ್ತೆ ಮತ್ತೆ ಹಾಕಿ ನೋಡಿ:

3 × 5 × 17 × 257 × 65537 × 4294967297

ಮೊದಲ ಐದೂ ಅವಿಭಾಜ್ಯ. ಆರನೆಯದೂ ಹಾಗೇ ಅಂತ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು 641 × 6700417 ಅಂತ ಒಡೆದು ತೋರಿಸಿದ. ಫರ್ಮಾನಂಥವನೂ ಎಡವಿದ, ಅಲ್ವಾ!

ಕುಂಬಳೆಯ ನಮ್ಮ ಮನೆಯಲ್ಲಿ ಮಳೆಗೆ ಕರೆಂಟ್ ಹೋದ ಒಂದು ರಾತ್ರಿ ನಾನೂ ಸುಮ್ನೆ ಈ 641ರ ಭಾಗಾಕಾರಕ್ಕೆ ಕುಳಿತಿದ್ದೆ. ಎರಡು ಸಲ ತಪ್ಪಿತು, ಮೂರನೇ ಸಲ ಶೇಷ ಸೊನ್ನೆ ಬಂತು. ಮಗಳಿಗೂ ಅದನ್ನೇ ಕೊಡಿ. 20 ಅಂಕೆಯ ಪೂರ್ತಿ ಲೆಕ್ಕಕ್ಕೆ ಮಾತ್ರ ಮೊಬೈಲ್ ಕ್ಯಾಲ್ಕುಲೇಟರ್ ನಂಬಬೇಡಿ, ಎಷ್ಟೋ ಸಲ ಅದು ಕೊನೆಯ ಅಂಕೆಗಳನ್ನು ನುಂಗಿಬಿಡುತ್ತದೆ.