ಬಿಯರ್‌ಗೆ ಬದಲಾಯಿಸಿದರೆ ಸಾಕೇ?

ಪ್ರಶ್ನೆ: ನನ್ನ ಪತಿಗೆ 46 ವರ್ಷ, ಹಲವು ವರ್ಷಗಳಿಂದ ಪ್ರತಿ ರಾತ್ರಿ ವಿಸ್ಕಿ ಕುಡಿಯುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಯಕೃತ್ತಿನಲ್ಲಿ ಕೊಬ್ಬು ಸೇರಿರುವುದು ಕಂಡಿದೆ. ಬಿಟ್ಟ ಮರುದಿನವೇ ಕೈ ನಡುಗಿದ್ದರಿಂದ, ಇನ್ನು ಬಿಯರ್ ಮಾತ್ರ ಕುಡಿಯುವುದಾಗಿ ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಶೇ 5ರ ಪ್ರಮಾಣದ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ ಸುಮಾರು 25 ಗ್ರಾಂ ಮದ್ಯಸಾರವಿದ್ದರೆ, 60 ಮಿ.ಲೀ. ವಿಸ್ಕಿಯಲ್ಲಿರುವುದು ಸುಮಾರು 20 ಗ್ರಾಂ. ಯಕೃತ್ತು ಲೆಕ್ಕವಿಡುವುದು ಮದ್ಯಸಾರವನ್ನೇ ಹೊರತು ಬಾಟಲಿಯ ಹೆಸರನ್ನಲ್ಲ. ಕೊಬ್ಬು ಸೇರಿರುವ ಈ ಹಂತವು, ಕುಡಿತವನ್ನು ಸಂಪೂರ್ಣವಾಗಿ ಬಿಟ್ಟರೆ, ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಯಕೃತ್ತು ಕಲೆಗಟ್ಟಿ ಗಡುಸಾಗುವ ಸಿರೋಸಿಸ್‌ಗೆ ತಿರುಗಿದ ಮೇಲೆ ಅಷ್ಟು ಸುಲಭವಲ್ಲ.

ಆದರೆ ನನಗೆ ಹೆಚ್ಚು ಆತಂಕ ತಂದಿರುವುದು ಆ ನಡುಕ. ದಿನನಿತ್ಯ ಕುಡಿಯುವವರು ಹಠಾತ್ತನೆ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್, ನಂತರ ಭ್ರಮೆ, ಗೊಂದಲಗಳು ಕಾಣಿಸಿಕೊಳ್ಳಬಹುದು. ಇದು ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು. ಆದ್ದರಿಂದ ಮನೆಯಲ್ಲೇ ಹಠದಿಂದ ಬಿಡಿಸುವ ಬದಲು ಮನೋವೈದ್ಯರ ಬಳಿಗೆ ಕರೆದೊಯ್ಯಿರಿ (ಮಜ್ಜಿಗೆ, ನಿಂಬೆಹಣ್ಣಿನ ಉಪಚಾರ ಇಲ್ಲಿ ಸಾಲದು). ಅವರು ಕೆಲವು ದಿನಗಳ ಮಟ್ಟಿಗೆ ಔಷಧಿಯನ್ನೂ ಥಯಾಮಿನ್ ಎಂಬ ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ.